ಪಾರ್ಸೆಲ್‌ನಲ್ಲಿ ಬಂದ ಗಿಡ ಎಲೆ ಉದುರಿಸುತ್ತಿದೆ

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಫೈಕಸ್ ಬೆಂಜಮಿನಾ ಗಿಡ 5 ದಿನ ಪೆಟ್ಟಿಗೆಯಲ್ಲಿದ್ದು ಮನೆ ಸೇರಿದೆ. ಎಲೆಗಳು ಹಳದಿಯಾಗಿ ಉದುರುತ್ತಿವೆ. ದಿನಾ ನೀರು ಹಾಕಿದರೂ ಜೋತುಬಿದ್ದಿದೆ. ಗೊಬ್ಬರ ಕೊಡಲೇ, ಕುಂಡ ಬದಲಿಸಲೇ?

ಉತ್ತರ: ಎರಡೂ ಸದ್ಯಕ್ಕೆ ಬೇಡ. ದಿನಾ ನೀರು ಹಾಕುವುದನ್ನೂ ಇಂದೇ ನಿಲ್ಲಿಸಿ.

ಕತ್ತಲ ಪೆಟ್ಟಿಗೆಯಲ್ಲಿ ಗಿಡ ಆಹಾರ ತಯಾರಿಸಲಾರದು. ಜೊತೆಗೆ ಗಿಡವೇ ಹೊರಬಿಡುವ ಎಥಿಲೀನ್ ಅನಿಲ ಒಳಗೆ ತುಂಬಿಕೊಂಡು ಎಲೆ ಬೇಗ ಕಳಚುವಂತೆ ಮಾಡುತ್ತದೆ. ಫೈಕಸ್ ಅಂತೂ ಬೆಳಕು ಬದಲಾದರೇ ಎಲೆ ಉದುರಿಸುವ ಜಾತಿ. ಹಾಗಾಗಿ ಉದುರಿದ ಎಲೆ ನೋಡಿ ಗಾಬರಿಯಾಗಬೇಡಿ, ಚಿಂತಿಸಬೇಕಾದದ್ದು ಬೇರಿನ ಬಗ್ಗೆ. ಎಲೆ ಕಡಿಮೆಯಾದಾಗ ಗಿಡ ಹೀರುವ ನೀರೂ ಕಡಿಮೆ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯುವುದಿಲ್ಲ, ಎಲೆ ಬಾಡುತ್ತದೆ. ನಾವು ಅದನ್ನು ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಸುರಿಯುತ್ತೇವೆ!

ಮಣ್ಣಿಗೆ ಬೆರಳಿಟ್ಟು ನೋಡಿ. ಮೇಲಿನ 2 ಇಂಚು ಒಣಗಿದ್ದರೆ ಮಾತ್ರ, ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ನೇರ ಬಿಸಿಲು ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಕಿಟಕಿಯ ಹತ್ತಿರ, ಎಸಿ ಗಾಳಿ ತಾಗದಂತೆ ಇಡಿ. ಇಟ್ಟ ಮೇಲೆ ಜಾಗ ಬದಲಿಸಬೇಡಿ. ಪೂರ್ತಿ ಹಳದಿಯಾದ ಎಲೆ ಮಾತ್ರ ತೆಗೆಯಿರಿ, ಅರ್ಧ ಹಸಿರಿದ್ದದ್ದು ಇನ್ನೂ ಆಹಾರ ಮಾಡುತ್ತಿರುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಗಿಡವನ್ನು ಕುಂಡದಿಂದ ಬಿಡಿಸಲೇಬೇಕು: ಮಣ್ಣು ಕೊಳೆತ ವಾಸನೆ ಬರುತ್ತಿದ್ದರೆ, ಅಥವಾ ವಾರವಾದರೂ ಆರದೆ ಹಸಿಯಾಗಿಯೇ ಇದ್ದರೆ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದ ಬೇರುಗಳನ್ನು ಶುಭ್ರ ಕತ್ತರಿಯಿಂದ ತೆಗೆದು, ಅದೇ ಅಳತೆಯ ಕುಂಡದಲ್ಲಿ 2 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), 1 ಪಾಲು ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರ ಬಿಳಿ ಹರಳು) ಬೆರೆಸಿ ನೆಡಿ. ದೊಡ್ಡ ಕುಂಡ ಬೇಡ. ಬೇರು ತಲುಪದ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದರೂ ಎಸೆಯಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ಪಸೆ ಕಂಡರೆ ಜೀವವಿದೆ. ಒಣಗಿ ಕಂದಾಗಿದ್ದರೆ ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತ ಬನ್ನಿ. ಚಿಗುರಲು ಕೆಲವು ವಾರ ಹಿಡಿಯಬಹುದು. ಹೊಸ ಎಲೆ ಬಿಚ್ಚಿಕೊಂಡ ಮೇಲೆಯೇ ಗೊಬ್ಬರ, ಅದೂ ಪೊಟ್ಟಣದಲ್ಲಿ ಹೇಳಿದ್ದರ ಅರ್ಧ. ಸೊರಗಿದ ಬೇರನ್ನು ಗೊಬ್ಬರದ ಲವಣ ಸುಡುತ್ತದೆ.

ಎರಡು ವಾರ ಇದನ್ನು ಬೇರೆ ಗಿಡಗಳಿಂದ ದೂರವಿಡಿ. ಎಲೆಯಡಿ, ಗೆಣ್ಣುಗಳಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಅಥವಾ ನುಸಿಯ ತೆಳು ಬಲೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿ.