ಕಾಲಿಗೆ ರಾಡ್ ಹಾಕಿ ಮೂರು ತಿಂಗಳಾದರೂ ಎಕ್ಸ್‌ರೇಯಲ್ಲಿ ಗೆರೆ ಕಾಣುತ್ತಿದೆ, ಮೂಳೆ ಕೂಡಿಲ್ಲವಾ?

ನಿಮ್ಮ ತಮ್ಮ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡಿದ್ದಾರೆ. ರಾಡ್ ಹಾಕಿ ಮೂರು ತಿಂಗಳಾದರೂ ಮುರಿದ ಗೆರೆ ಹೋಗಿಲ್ಲ, ಆಪರೇಷನ್ ಕೆಟ್ಟಿತಾ, ಕಾಲೂರಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ನನ್ನ ಬಲಗಾಲಿನಲ್ಲೂ ಅಂಥದೇ ರಾಡ್ ಇದೆ. ಮೂರನೇ ತಿಂಗಳಲ್ಲಿ ಇದೇ ಗೆರೆ ನೋಡಿ ನಾನೂ ನಿದ್ದೆಗೆಟ್ಟಿದ್ದೆ. ಗೆರೆ ಕಂಡ ಮಾತ್ರಕ್ಕೆ ಕೆಟ್ಟಿತು ಅಂತಲ್ಲ.

ರಾಡ್ ಮೂಳೆಯನ್ನು ಕೂಡಿಸುವುದಿಲ್ಲ. ಕೂಡುವ ತನಕ ಬಾಗದಂತೆ, ತಿರುಚಿಕೊಳ್ಳದಂತೆ ಹಿಡಿದಿರುತ್ತದೆ, ಅಷ್ಟೇ. ಈ ಮೂಳೆಯ ಒಳಗೆ ಕೊಳವೆ ಥರ ಟೊಳ್ಳು. ಮೊಣಕಾಲಿನ ಹತ್ತಿರ ಸ್ವಲ್ಪ ಕೊಯ್ದು, ಆ ಟೊಳ್ಳಿನಲ್ಲಿ ರಾಡನ್ನು ಪಾದದ ಗಂಟಿನ ಹತ್ತಿರದವರೆಗೆ ಇಳಿಸಿ, ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕುತ್ತಾರೆ. 1939ರಲ್ಲಿ ಜರ್ಮನಿಯ ಸರ್ಜನ್ ಗೆರ್ಹಾರ್ಡ್ ಕುಂಚರ್ ತೊಡೆ ಮೂಳೆಗೆ ಹೀಗೆ ಮೊಳೆ ಇಳಿಸಿದರು. ಆಗ ತೊಡೆ ಮುರಿದವರು ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಬೇಕಿತ್ತು. ಬೇಗ ಎದ್ದು ಓಡಾಡುವಂತಾಗಲು ಈ ದಾರಿ.

ಕೂಡಿಸುವ ಕೆಲಸ ದೇಹದ್ದು. ಮೊದಲು ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಅಲ್ಲಿ ಮೆತ್ತನೆಯ ಮೂಳೆ ಬೆಳೆದು ನಿಧಾನವಾಗಿ ಗಟ್ಟಿಯಾಗುತ್ತದೆ. ನಿಮ್ಮ ಕಾಲಿನ ಮುಂಭಾಗವನ್ನೇ ಒಂದು ಸಲ ಸವರಿ ನೋಡಿ. ಒಳಬದಿಯಲ್ಲಿ ಚರ್ಮ ದಾಟಿದರೆ ಮೂಳೆಯೇ ಸಿಗುತ್ತದೆ, ಮಾಂಸವೇ ಇಲ್ಲ. ಅಲ್ಲಿ ರಕ್ತ ಹರಿಯುವುದೂ ಕಡಿಮೆ, ಅದಕ್ಕೇ ಇದು ತಡ. ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ. ಚರ್ಮ ಹರಿದು ಮೂಳೆ ಹೊರಬಂದಿದ್ದರೆ ಇನ್ನೂ ಜಾಸ್ತಿ.

ಎಕ್ಸ್‌ರೇಯಲ್ಲಿ ಗೆರೆಯನ್ನೇ ದಿಟ್ಟಿಸಬೇಡಿ, ಅದರ ಅಂಚು ನೋಡಿ. ಮುರಿದ ಜಾಗದ ಸುತ್ತ ಹತ್ತಿ ಹಿಂಜಿದಂತೆ ಬೆಳ್ಳಗೆ ಮಸುಕು ಕಾಣುತ್ತಿದೆಯಾ? ಅದೇ ಹೊಸ ಮೂಳೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದರೆ ಒಟ್ಟು ನಾಲ್ಕು ಅಂಚು ಸಿಗುತ್ತವೆ. ಮೂರರಲ್ಲಿ ಸೇತುವೆ ಕಟ್ಟಿಕೊಂಡರೆ ಕೂಡಿದೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ನನಗೆ ನಾಲ್ಕನೇ ತಿಂಗಳಲ್ಲೂ ಆ ಮಸುಕು ತೀರಾ ತೆಳ್ಳಗಿತ್ತು. ಡಾಕ್ಟರು ಮೊಣಕಾಲಿನ ಹತ್ತಿರದ ಒಂದು ಸ್ಕ್ರೂ ತೆಗೆದರು. ಜಾಗ ಮಾತ್ರ ಮರಗಟ್ಟಿಸಿದ್ದರು, ಸ್ಕ್ರೂ ತಿರುಗುವುದು ಗೊತ್ತಾಗುತ್ತಿತ್ತು. ಅದು ಹೋದ ಮೇಲೆ ನಡೆದಾಗಲೆಲ್ಲ ಮೂಳೆಯ ಎರಡು ತುದಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆ ಒತ್ತಡವೇ ಮೂಳೆ ಬೆಳೆಸುತ್ತದೆ ಅಂದರು. ಮನೆಯಲ್ಲಿ ತೂಕದ ಮಷೀನ್ ಮೇಲೆ ಬಲಗಾಲಿಟ್ಟು, ವಾಕರ್ ಹಿಡಿದು, ಮುಳ್ಳು 20 ಕೆಜಿಗೆ ಬರುವಷ್ಟು ಊರುತ್ತಿದ್ದೆ. ಆಮೇಲೆ 30, 40. ಅಷ್ಟು ಭಾರ ಅಂದರೆ ಎಷ್ಟು ಅಂತ ಕಾಲಿಗೇ ಗೊತ್ತಾಯಿತು. ಎಂಟನೇ ತಿಂಗಳಿಗೆ ಗೆರೆ ಹುಡುಕಿದರೂ ಸಿಗಲಿಲ್ಲ.

ನಿಮ್ಮ ತಮ್ಮ ಎಷ್ಟು ಭಾರ ಹಾಕಬಹುದು ಅನ್ನುವುದನ್ನು ಅವರ ಎಕ್ಸ್‌ರೇ ನೋಡಿದ ಡಾಕ್ಟರೇ ಹೇಳಬೇಕು. ಆದರೆ ಹೆದರಿ ಸುಮ್ನೆ ಮಲಗಿಸಬೇಡಿ. ಸಿಗರೇಟು ಸೇದುತ್ತಿದ್ದರೆ ದಯವಿಟ್ಟು ಇವತ್ತೇ ಬಿಡಿಸಿ. ಕಾಲು ಸೂಪಿಗಿಂತ ಅದರಿಂದ ಲಾಭ ಜಾಸ್ತಿ. ನಮ್ಮ ನೆಂಟರು ಪುತ್ತೂರು ಕಟ್ಟು ಕಟ್ಟಿಸೋಣ ಅಂದಿದ್ದರು, ನಾವು ಒಪ್ಪಲಿಲ್ಲ. ಒಳಗೆ ರಾಡ್ ಇರುವ ಕಾಲನ್ನು ಎಳೆದು, ಬಿಗಿದು ಕಟ್ಟುವುದು ಅಪಾಯ ಅಲ್ವಾ?

ಗಾಯದ ಜಾಗ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ ಕಾಯಬೇಡಿ, ಅವತ್ತೇ ತೋರಿಸಿ. ನೆಲಕ್ಕೆ ಮೊಣಕಾಲೂರಿದಾಗ ಮುಂದೆ ಚುಚ್ಚುವುದು ಬೇರೆ. ರಾಡ್ ಹಾಕಿಸಿಕೊಂಡ ಬಹಳ ಜನಕ್ಕೆ ಅದಿರುತ್ತದೆ, ನನಗೆ ಈಗಲೂ ಇದೆ.

ಮುಂದಿನ ಸಲ ಹೋಗುವಾಗ ಹಳೇ ಎಕ್ಸ್‌ರೇಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಒಂದೇ ಚಿತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಆರನೇ ವಾರದ್ದನ್ನೂ ಹನ್ನೆರಡನೇ ವಾರದ್ದನ್ನೂ ಬೆಳಕಿಗೆ ಪಕ್ಕಪಕ್ಕ ಹಿಡಿದು, ಏನು ಬದಲಾಗಿದೆ ಅಂತ ಡಾಕ್ಟರನ್ನು ಕೇಳಿ.