ಗೋರ್, ಕೋರ್, ನನ್ನ ಅಂಗಡಿ

"ಬೆಳಗಾವಿ, ಬೀದರ್ ಆದರೆ ಸರಿ. ಶಿವಮೊಗ್ಗದಲ್ಲಿ ಎರಡು ಭಾಷೆಯ ಬದುಕು ಎಲ್ಲಿಂದ ಬಂತು?" ಅಂತ ಕೇಳಿದ್ದೀರಿ. ನಿಜ, ನಮ್ಮ ಜಿಲ್ಲೆಗೆ ಬೇರೆ ರಾಜ್ಯದ ಗಡಿ ತಾಗುವುದಿಲ್ಲ. ಆದರೆ ನಾನಿರುವುದೂ ಒಂಥರಾ ಗಡಿಯೇ. ಶಿಕಾರಿಪುರದ ಕಡೆ, ಅಡಿಕೆ ತೋಟ ಮುಗಿದು ಜೋಳದ ಹೊಲ ಶುರುವಾಗುವಲ್ಲಿ ನನ್ನ ಕಿರಾಣಿ ಅಂಗಡಿ. ಅರೆಮಲೆನಾಡು ಅನ್ನುತ್ತೇವೆ. ಅಂಗಡಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಲಂಬಾಣಿ ತಾಂಡಾ ಇದೆ. ನನ್ನ ವ್ಯಾಪಾರದ ಮುಕ್ಕಾಲು ಪಾಲು ಅವರದ್ದೇ.

ಅವರು ನನ್ನ ಜೊತೆ ಮಾತಾಡುವುದು ಕನ್ನಡ, ಅದೂ ನನಗಿಂತ ಚುರುಕಾದ ಕನ್ನಡ. ಆದರೆ ಬೆಲೆ ಕೇಳಿದ ಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಅನ್ನುತ್ತಾರೆ. "ಇವನು ಹೆಚ್ಚು ಹೇಳ್ತಿದ್ದಾನೆ, ಬೇಡ ನಡಿ" ಅಂತಲೇ ಇರುತ್ತದೆ. ಮೂವತ್ತು ವರ್ಷ ಕೂತು ನನಗೂ ಅಷ್ಟಿಷ್ಟು ಅರ್ಥವಾಗುತ್ತದೆ. ನನಗೆ ಅರ್ಥವಾಗುತ್ತದೆ ಅಂತ ಅವರಿಗೂ ಗೊತ್ತು. ಅದಕ್ಕೇ ಈಗ ದನಿ ತಗ್ಗಿಸುತ್ತಾರೆ.

ಅವರು ತಮ್ಮ ಮಾತಿಗೆ ಗೋರ್ ಬೋಲಿ ಅನ್ನುತ್ತಾರೆ. ಗೋರ್ ಅಂದರೆ ತಮ್ಮವರು. ಉಳಿದವರೆಲ್ಲ ಕೋರ್. ನೀವು, ನಾನು, ಬ್ಯಾಂಕಿನವರು, ಎಲ್ಲರೂ ಕೋರ್. ಇದರಲ್ಲಿ ಬೈಗುಳ ಏನೂ ಇಲ್ಲ, ಒಂದು ಗೆರೆ ಅಷ್ಟೇ. ಅಮ್ಮನಿಗೆ ಯಾಡಿ, ರೊಟ್ಟಿಗೆ ಬಾಟಿ. ರಾಜಸ್ಥಾನದ ಕಡೆಯ ಮಾತುಗಳ ಬಳಗಕ್ಕೆ ಸೇರಿದ್ದು ಇದು. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ಸುತ್ತಿದವರು. ರಸ್ತೆ, ರೈಲು ಬಂದು ಆ ಕೆಲಸ ಹೋಯಿತು. ಎತ್ತು ಹೋದರೂ ಮಾತು ಉಳಿಯಿತು.

ಈ ಮಾತಿಗೆ ತನ್ನದೇ ಲಿಪಿ ಇಲ್ಲ. ಮದುವೆ ಕಾರ್ಡು ಕನ್ನಡದಲ್ಲಿ, ಮದುವೆಯ ಹಾಡು ಗೋರ್ ಬೋಲಿಯಲ್ಲಿ. ಹುಡುಗರು ವಾಟ್ಸಾಪಿನಲ್ಲಿ ತಮ್ಮ ಮಾತನ್ನು ಕನ್ನಡ ಅಕ್ಷರದಲ್ಲಿ ಹೊಡೆಯುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ, ಬೇಕಾಯಿತು, ಬರೆದರು.

ಇನ್ನು ಲೆಕ್ಕದ ಕಥೆ ಕೇಳಿ. ಹಿಂದೊಮ್ಮೆ ಜನಗಣತಿಗೆ ಬಂದವರು ನನ್ನ ಅಂಗಡಿ ಕಟ್ಟೆಯ ಮೇಲೇ ಕೂತು ಬರೆದುಕೊಳ್ಳುತ್ತಿದ್ದರು. ತಾಂಡಾದ ಅಜ್ಜಿಯೊಬ್ಬರು ಕನ್ನಡದಲ್ಲಿ ಉತ್ತರ ಕೊಟ್ಟರು. ಮಾತೃಭಾಷೆಯ ಜಾಗದಲ್ಲಿ, ಕೇಳದೆಯೇ, "ಕನ್ನಡ" ಅಂತ ಬಿತ್ತು. ಇವರ ಮಾತು ಲಂಬಾಣಿ ಅಂತ ನಾನು ಬಾಯಿ ಹಾಕಿದೆ. ಬರೆಯುವವರಿಗೆ ಬೇಜಾರಾಯಿತು. "ಎಲ್ಲಾ ಒಂದೇ ಬಿಡಿ" ಅಂದರು.

ಬಾಯಿ ಹಾಕಿ ಸಾಧಿಸಿದ್ದು ಏನು ಅಂತ ಆಮೇಲೆ ತಿಳಿಯಿತು. ಜನಗಣತಿಯ ಪಟ್ಟಿಯಲ್ಲಿ ಲಂಬಾಣಿ ಅಂತ ಬರೆಸಿದವರನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ. 2011ರಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಹೀಗೆ ಬರೆಸಿದ್ದರು. ಅಷ್ಟೂ ಜನ ಹಿಂದಿಯ ಮೊತ್ತಕ್ಕೆ ಹೋದರು. ನಮ್ಮ ಅಜ್ಜಿಗೆ ಹಿಂದಿಯಲ್ಲಿ ದಾರಿ ಕೇಳಿದರೂ ಹೇಳಲು ಬರುವುದಿಲ್ಲ. ಸುಮ್ಮನಿದ್ದರೆ ಕನ್ನಡ, ನಿಜ ಹೇಳಿದರೆ ಹಿಂದಿ. ತನ್ನದು ಅನ್ನುವ ಸಾಲು ಮಾತ್ರ ಮುಖ್ಯ ಭಾಷೆಗಳ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಕನ್ನಡ ಅವರ ಮಾತನ್ನು ನುಂಗುತ್ತಿದೆಯಾ ಅಂತ ಕೇಳಿದಿರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡೂ ಎಷ್ಟೋ ಕಾಲ ಕೆಲಸ ಹಂಚಿಕೊಂಡು ಬಂದಿವೆ. ಸಂತೆಗೆ ಒಂದು, ಒಲೆಗೆ ಒಂದು. ಈಗ ಒಲೆಯ ಹತ್ತಿರದ ಮಾತಿಗೆ ಏಟು ಬೀಳುತ್ತಿರುವುದು ಬೇರೆ ಕಡೆಯಿಂದ. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತಾರೆ, ಮಗು ಹಾಸ್ಟೆಲಿನಲ್ಲಿ ಇರುತ್ತದೆ. ಅಜ್ಜಿ ಒಬ್ಬರೇ ಯಾರ ಜೊತೆ ಮಾತಾಡಬೇಕು? ಸಂವಿಧಾನದ 350ಎ ವಿಧಿ, ಚಿಕ್ಕ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. 1956ರಲ್ಲಿ ಸೇರಿಸಿದ್ದು. ನಮ್ಮ ತಾಂಡಾಕ್ಕೆ ಅದು ಇನ್ನೂ ಬಸ್ಸು ಹತ್ತಿಲ್ಲ.

ಹಕ್ಕಿಪಿಕ್ಕಿಗಳದ್ದು ಇನ್ನೊಂದು ಥರ. ಶಿವಮೊಗ್ಗದ ಹತ್ತಿರವೇ ಅವರ ಕ್ಯಾಂಪ್ ಇದೆ. ಹಕ್ಕಿಪಿಕ್ಕಿ ಅನ್ನುವುದು ನಾವಿಟ್ಟ ಹೆಸರು. ಅವರ ಮಾತು ವಾಗ್ರಿ ಬೋಲಿ, ಗುಜರಾತಿಯ ನೆಂಟ. ತಮಿಳುನಾಡಿನ ನರಿಕುರವರದ್ದೂ ಅದೇ ಮಾತು. ಬೇಟೆ ಇವರ ಕಸುಬಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧವಾಯಿತು. ಆಮೇಲೆ ಹಿಡಿದದ್ದು ಗಿಡಮೂಲಿಕೆ, ತಲೆಗೂದಲಿನ ಎಣ್ಣೆ. ಅದನ್ನು ಹೊತ್ತು ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳಿದ್ದರು. ಭಾರತ ಸರ್ಕಾರದ ಆಪರೇಷನ್ ಕಾವೇರಿಯಲ್ಲಿ ವಾಪಸ್ ಕರೆತಂದರು. "ಕಾಡಿನ ಜನ ಅಲ್ಲಿಗೆ ಹೇಗೆ ಹೋದರು?" ಅಂತ ನಮ್ಮ ಊರಲ್ಲೂ ಬಾಯಿಬಿಟ್ಟವರಿದ್ದರು. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ಗಡಿ ದಾಟಿದರೆ ತಮಿಳು, ತೆಲುಗು, ಹಿಂದಿ. ಹೀಗೆ ಬೆಳೆದವರಿಗೆ ಹೊಸ ಊರಿನ ನಾಲ್ಕು ಮಾತು ಕಲಿಯುವುದು ಯಾವ ಲೆಕ್ಕ? ಶಾಲೆಯ ಮೆಟ್ಟಿಲು ಹತ್ತದ ಅವರ ಪಕ್ಕದಲ್ಲಿ ಡಿಗ್ರಿ ಮಾಡಿದ ನಾನೇ ಏಕಭಾಷಿಕ.

ಮತ್ತೂರಿಗೆ ಸಂಸ್ಕೃತ ಕೇಳಲು ದೂರದಿಂದ ಬರುತ್ತಾರಲ್ಲ, ಅಲ್ಲಿನ ಸಂಕೇತಿ ಬ್ರಾಹ್ಮಣರ ಅಡುಗೆಮನೆಯ ಮಾತೂ ಬೇರೆಯೇ. ತಮಿಳು, ಮಲಯಾಳ, ಕನ್ನಡ ಬೆರೆತ ಸಂಕೇತಿ. ಅದನ್ನು ಕೇಳಲು ಬಂದವರನ್ನು ನಾನಂತೂ ಕಂಡಿಲ್ಲ.

ಸಾಗರ, ಸೊರಬದ ದೀವರ ಸಮುದಾಯದ ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಅವರದ್ದು ಕನ್ನಡವೇ. ಆದರೆ ಮನೆಯ ಕನ್ನಡ ಬೇರೆ, ಶಾಲೆಯ ಕನ್ನಡ ಬೇರೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಬಸುರಿ ಅಂತ ಗದ್ದೆಗೆ ಬಯಕೆ ಊಟ ಬಡಿಸುವ ಹಬ್ಬ. ಆ ಚಿತ್ತಾರಕ್ಕೆ ಈಗ ಪ್ರದರ್ಶನ, ಬಹುಮಾನ ಎಲ್ಲಾ ಇದೆ. ಅದನ್ನು ಬರೆಯುವ ಹುಡುಗಿಯೇ ಕ್ಲಾಸಿನಲ್ಲಿ ಅಜ್ಜಿಯ ಧಾಟಿಯಲ್ಲಿ ಬಾಯಿಬಿಟ್ಟರೆ ಉಳಿದವರು ನಗುತ್ತಾರೆ. ನನ್ನ ತಾಯಿಯ ಊರು ಆ ಕಡೆ. ನಕ್ಕವರಲ್ಲಿ ನಾನೂ ಒಬ್ಬ.

ಗೋರ್ ಬೋಲಿಯ ಬದುಕು ನೋಡಲೇಬೇಕು ಅಂದರೆ ಫೆಬ್ರವರಿ 15ರ ಹೊತ್ತಿಗೆ ಸೂರಗೊಂಡನಕೊಪ್ಪಕ್ಕೆ ಬನ್ನಿ. ಲಂಬಾಣಿಗಳ ಗುರು ಸಂತ ಸೇವಾಲಾಲರು ಹುಟ್ಟಿದ್ದು ಅಲ್ಲೇ ಅಂತ ನಮ್ಮ ಕಡೆ ನಂಬಿಕೆ. 1997ರವರೆಗೆ ಶಿವಮೊಗ್ಗ ಜಿಲ್ಲೆ, ಈಗ ದಾವಣಗೆರೆ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಲಂಬಾಣಿಗಳು ಬರುತ್ತಾರೆ. ಕರ್ನಾಟಕದಲ್ಲಿ ಇವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸರ್ಕಾರಿ ಕಾಗದದಲ್ಲಿ ಮೂರು ಥರದ ಜನ. ಅಲ್ಲಿ ಊಟಕ್ಕೆ ಕೂತರೆ ಒಂದೇ ಮಾತು. ನಮ್ಮವರ ಮಾತಿನಲ್ಲಿ ಕನ್ನಡ ಇಣುಕುತ್ತದೆ, ಅವರದ್ದರಲ್ಲಿ ಮರಾಠಿ, ತೆಲುಗು. ಯಾರಿಗೂ ತೊಡಕಾಗುವುದಿಲ್ಲ.

ಒಂದು ಮಾತ್ರ ಮಾಡಬೇಡಿ. "ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ" ಅಂತ ಫೋನ್ ಹಿಡಿಯಬೇಡಿ. ಹೋದ ವರ್ಷ ಒಬ್ಬರು ನನ್ನ ಅಂಗಡಿ ಮುಂದೆ ಹಾಗೇ ಹಿಡಿದರು. ಆ ಅಜ್ಜಿ ಕ್ಯಾಮೆರಾ ನೋಡಿಕೊಂಡು ಉದ್ದಕ್ಕೆ ಏನೋ ಹೇಳಿದರು. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಫೋನ್ ಹಿಡಿದವರೂ ನಕ್ಕು, ಕೈಮುಗಿದು, ಕಾರು ಹತ್ತಿದರು. ಅಜ್ಜಿ ಹೇಳಿದ್ದು ಇಷ್ಟು: "ಬೆಳಿಗ್ಗೆಯಿಂದ ನೆರಳಲ್ಲಿ ಕೂತಿದ್ದಾನೆ, ಈ ಅಂಗಡಿಯವನ ಹತ್ತಿರ ಒಂದು ಬಿಸ್ಕತ್ತು ಕೂಡ ಕೊಂಡಿಲ್ಲ."