ನವೆಂಬರ್ ಪೂರ್ತಿ ದಿನಕ್ಕೊಂದು ಬ್ಲಾಗ್ ಬರೆಯುವ ಸವಾಲು: ನಡುವೆ ನಿಲ್ಲದ ಹಾಗೆ ಹೇಗೆ ನಡೆಸುವುದು?

ಈ ಸವಾಲನ್ನು ಕೊನೆಯವರೆಗೂ ನಡೆಸುವುದು ಹೇಗೆ ಅಂತ ಕೇಳಿದ್ದೀರಿ. ನೀವು ಕೆಲಸಕ್ಕೆ ಹೋಗಿ ಬರುವವರು, ಹಿಂದೆ ಎರಡು ಸಲ ಹತ್ತನೇ ದಿನದ ಹೊತ್ತಿಗೆ ನಿಂತುಹೋಯಿತು ಅಂತಲೂ ಬರೆದಿದ್ದೀರಿ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ರಾತ್ರಿ ಊಟ ಮುಗಿಸಿ ಕೂತ ಮೇಲೆ ‘ಇವತ್ತು ಏನು ಬರೆಯಲಿ’ ಅಂತ ಯೋಚಿಸಲು ಶುರು ಮಾಡಿದರೆ ಯಾರಿಗಾದರೂ ನಿಲ್ಲುತ್ತದೆ. ವಿಷಯ ಹುಡುಕುವುದು, ಬರೆಯುವುದು, ತಿದ್ದುವುದು ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಬೇರೆ ಬೇರೆ ಹೊತ್ತು ಕೊಡಿ.

ವಿಷಯದ ಪಟ್ಟಿ ಅಕ್ಟೋಬರ್ ಕೊನೆಯ ವಾರದಲ್ಲೇ ಆಗಬೇಕು. 30 ಸಾಲದು, 40 ಬರೆದಿಡಿ. ಕೆಲವು ಬರೆಯಲು ಕೂತಾಗ ಕೈಕೊಡುತ್ತವೆ. ಪಟ್ಟಿಯಲ್ಲಿ ‘ಮಳೆ’, ‘ಅಡುಗೆ’, ‘ಬಾಲ್ಯ’ ಅಂತ ಒಂದೇ ಪದ ಹಾಕಿದರೆ ಆ ದಿನ ಮತ್ತೆ ಮೊದಲಿಂದ ಯೋಚಿಸಬೇಕಾಗುತ್ತದೆ. ‘ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದ್ದಕ್ಕೆ ಅತ್ತೆ ಅಂದ ಮಾತು’ ಅಂತ ಬರೆದಿಟ್ಟಿದ್ದರೆ ಮೊದಲ ಸಾಲು ಆಗಲೇ ಸಿಕ್ಕಿದಂತೆ. ಒಬ್ಬ ಮನುಷ್ಯ, ಒಂದು ವಸ್ತು, ಒಂದು ಗಳಿಗೆ, ಈ ಮೂರರಲ್ಲಿ ಎರಡಾದರೂ ಇರುವ ವಿಷಯ ಬರೆಸಿಕೊಂಡು ಹೋಗುತ್ತದೆ. ಅತ್ತೆಯ ಮಾತನ್ನು ಹಾಕುವ ಮುಂಚೆ ಅವರನ್ನೊಮ್ಮೆ ಕೇಳಿ. ಮನೆಯವರ ಹೆಸರು, ಮಕ್ಕಳ ಶಾಲೆ, ಕಾಯಿಲೆ ಇವು ಬೇಡ.

ಉದ್ದ 150ರಿಂದ 200 ಪದ ಸಾಕು. ಇಂಗ್ಲಿಷಿನವರ 500 ಪದದ ಲೆಕ್ಕ ನಮಗೆ ಹೊಂದುವುದಿಲ್ಲ, ‘ಹೋಗಬೇಕಾಗಿತ್ತಂತೆ’ ಅನ್ನುವ ಒಂದು ಪದಕ್ಕೇ ಅಲ್ಲಿ ನಾಲ್ಕೈದು ಬೇಕು. 25 ನಿಮಿಷಕ್ಕೆ ಅಲಾರಂ ಇಟ್ಟು ಬರೆಯಿರಿ, ಆ ಹೊತ್ತಲ್ಲಿ ಹಿಂದಕ್ಕೆ ಹೋಗಿ ತಿದ್ದಬೇಡಿ. ತಿದ್ದುವುದಕ್ಕೆ ಮರುದಿನ ಬೆಳಿಗ್ಗೆ 10 ನಿಮಿಷ. ಅಂದರೆ ಇಂದು ಪ್ರಕಟವಾಗುವುದು ಯಾವಾಗಲೂ ಹಿಂದೆ ಬರೆದದ್ದು. ಇದು ನಡೆಯಬೇಕಾದರೆ ನವೆಂಬರ್ 1ಕ್ಕೆ ಮುಂಚೆಯೇ ನಾಲ್ಕು ಬರಹ ತಯಾರಿರಬೇಕು. ಜ್ವರ, ನೆಂಟರು, ಕೆಲವು ವರ್ಷ ನವೆಂಬರಿಗೇ ಬರುವ ದೀಪಾವಳಿ, ಎಲ್ಲಕ್ಕೂ ಈ ನಾಲ್ಕೇ ಆಧಾರ. ಒಂದು ಖರ್ಚಾದರೆ ಆ ಭಾನುವಾರವೇ ಎರಡು ಬರೆದು ತುಂಬಿಸಿಡಿ.

ಇನ್ನು ತಾಂತ್ರಿಕ ತೊಂದರೆಗಳು. ಮೊದಲು ನೋಡಬೇಕಾದ್ದು ಟೈಮ್ ಝೋನ್. ನಿಮ್ಮ ಬ್ಲಾಗ್ ವರ್ಡ್‌ಪ್ರೆಸ್ ತಾಣದಲ್ಲಿದ್ದು, ಅದು ಯುಟಿಸಿಯಲ್ಲೇ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಉಳಿದಿದ್ದರೆ ನಮ್ಮ ಬೆಳಗಿನ 5:30ರೊಳಗೆ ಹಾಕಿದ್ದೆಲ್ಲ ಹಿಂದಿನ ದಿನದ ತಾರೀಖು ಪಡೆಯುತ್ತದೆ. ಇನ್ನೊಂದು ಬ್ಲಾಗ್ ತಾಣವಾದ ಬ್ಲಾಗರ್ ಅಮೆರಿಕದ ಪೆಸಿಫಿಕ್ ಸಮಯದಲ್ಲಿದ್ದರೆ ಬೆಳಿಗ್ಗೆ 10ಕ್ಕೆ ಹಾಕಿದ್ದಕ್ಕೂ ಅದೇ ಗತಿ. ಬರೆದೂ ಒಂದು ದಿನ ತಪ್ಪಿದ ಹಾಗೆ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ ಭಾರತದ ಸಮಯಕ್ಕೆ ಕೋಲ್ಕತಾ ಆರಿಸಿದರೆ ಮುಗಿಯಿತು.

ಎರಡನೆಯದು ಲಿಂಕ್. ಕನ್ನಡ ಶೀರ್ಷಿಕೆಯ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ವಿಳಾಸದಲ್ಲಿ ಶೇಕಡಾ ಗುರುತು (%) ಸೇರಿದ ಒಂಬತ್ತೊಂಬತ್ತು ಅಕ್ಷರವಾಗುತ್ತದೆ, ಪ್ರತಿ ಒತ್ತು ಹದಿನೆಂಟಾಗುತ್ತದೆ. ವರ್ಡ್‌ಪ್ರೆಸ್ ಅದನ್ನು 200 ಅಕ್ಷರಕ್ಕೆ ಕತ್ತರಿಸುತ್ತದೆ, ಹಾಗಾಗಿ ಅರ್ಧ ಶೀರ್ಷಿಕೆ ಹೋಗಿ, ವಾಟ್ಸಾಪಿನಲ್ಲಿ ಕಳಿಸಿದರೆ ಮೂರು ಸಾಲಿನ ಗೋಜಲು ಕಾಣುತ್ತದೆ. ಪ್ರಕಟಿಸುವ ಮುಂಚೆ ಪರ್ಮಾಲಿಂಕನ್ನು, ಅಂದರೆ ಆ ಬರಹದ ಕಾಯಂ ವಿಳಾಸವನ್ನು, ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದುಬಿಡಿ. ಆಮೇಲೆ ಬದಲಿಸಿದರೆ ಆಗಲೇ ಹಂಚಿದ ಲಿಂಕ್ ಮುರಿಯಬಹುದು.

‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಓದುಗರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ ಹಾಕಿ.

ಒಂದು ದಿನ ನಿಜಕ್ಕೂ ತಪ್ಪಿಹೋದರೆ ತಾರೀಖು ಹಿಂದಕ್ಕೆ ಹಾಕಿ ಮುಚ್ಚಬೇಡಿ, ಮರುದಿನ ಎರಡು ಬರೆಯಲೂ ಹೋಗಬೇಡಿ. ಹನ್ನೊಂದನೆಯದು ತಪ್ಪಿದರೆ ಹನ್ನೆರಡನೇ ತಾರೀಖಿನದ್ದನ್ನು ಹನ್ನೆರಡಕ್ಕೇ ಹಾಕಿ.